ಕರಡಿ ಸಾರ್ ಸೈಕಲ್ ಕೊಂಡ ವೃತ್ತಾಂತ

ಕರಡಿ ಸಾರ್ ಅವರ ಮನೆಗೂ ಅವರು ಕೆಲಸ ಮಾಡುವ ಪ್ರೆಸ್ಸಿಗೂ ನಡುವೆ ಇದ್ದ ದೂರವನ್ನು ದೂರ ಎಂದು ಕರೆಯಲು ಯಾರಿಗೂ ಮನಸ್ಸು ಬರುತ್ತಿರಲಿಲ್ಲ. ಅವರ ಸಂಕಟಕ್ಕೆಲ್ಲ ಅದೇ ಕಾರಣ. ಇನ್ನಷ್ಟು ದೂರವಿದ್ದಿದ್ದರೆ ನೆಮ್ಮದಿಯಾಗಿ ಬಸ್ಸಿನಲ್ಲಿ ಹೋಗಬಹುದಿತ್ತು. ಇನ್ನಷ್ಟು ಹತ್ತಿರವಿದ್ದಿದ್ದರೆ ಕೈಬೀಸಿಕೊಂಡು ನಡೆಯಬಹುದಿತ್ತು. ಇದು ಎರಡಕ್ಕೂ ಸಲ್ಲದ ತ್ರಿಶಂಕು ದೂರ. ಬಸ್ಸಿಗೆ ಕಾಯುವಷ್ಟರಲ್ಲಿ ಪ್ರೆಸ್ಸು ತಲುಪಿ ಕುರ್ಚಿ ಒರೆಸಿ ಕೂರಬಹುದು. ಆಟೋದವರನ್ನು ಕೇಳಿದರೆ, "ಅಷ್ಟಕ್ಕೆ ಯಾರು ಬರ್ತಾರೆ ಸಾರ್, ಅಲ್ಲೇ ಕಾಣ್ತಿದೆಯಲ್ಲ" ಎಂದು ಕೈ ತೋರಿಸಿ ಹೊರಟುಬಿಡುತ್ತಾರೆ. ನಡೆದು ಹೋಗೋಣವೆಂದರೆ ನಡುವೆ ರೈಲ್ವೆ ಸೇತುವೆಯ ಏರು. ಅದನ್ನು ಹತ್ತಿ ಇಳಿಯುವಷ್ಟರಲ್ಲಿ ಇಸ್ತ್ರಿ ಮಾಡಿದ ಅಂಗಿ ಹಿಂಡಿ ಒಣಹಾಕುವ ಸ್ಥಿತಿಗೆ ಬಂದಿರುತ್ತಿತ್ತು.

ಪ್ರೆಸ್ಸಿನಲ್ಲಿ ಅವರದು ಕರಡು ತಿದ್ದುವ ಕೆಲಸ. ಕರಡು ತಿದ್ದುವವರನ್ನು ಕರಡಿ ಎನ್ನದೆ ಇನ್ನೇನೆನ್ನುವುದು ಎಂದು ಬೈಂಡಿಂಗ್ ವಿಭಾಗದವರು ಯಾವ ಕಾಲದಲ್ಲೋ ತೀರ್ಮಾನಿಸಿದ್ದರು. (ಅವರ ಹೊಟ್ಟೆಯೂ ಕೈಮೇಲಿನ ಕೂದಲೂ ಆ ತೀರ್ಮಾನಕ್ಕೆ ಅಡ್ಡಿ ಬರಲಿಲ್ಲ.) ಇಂಥ ಕರಡಿ ಸಾರ್ ಒಂದು ದಿನ ಏದುಸಿರು ಬಿಡುತ್ತ ಬಂದು ಕೂತು, ಕಣ್ಣಿಗಿಳಿದ ಬೆವರನ್ನು ಒರೆಸಿಕೊಳ್ಳುತ್ತಲೇ ಒಂದು ಮದುವೆ ಪತ್ರಿಕೆಯನ್ನು ನೋಡಿ ಅಚ್ಚಿಗೆ ಕಳಿಸಿದರು. ಅದು ಮುದ್ರಣವಾಗಿ, ಕವರಿನೊಳಗೆ ಕೂತು, ನೆಂಟರ ಮನೆಗಳಿಗೆಲ್ಲ ಹಂಚಿಹೋದ ಮೇಲೆ ಹೆಣ್ಣಿನ ತಂದೆ ಪ್ರೆಸ್ಸಿಗೆ ಬಂದು ನಿಂತರು. ಪತ್ರಿಕೆಯ ನೆತ್ತಿಯ ಮೇಲೆ ಬಂಗಾರದ ಅಕ್ಷರಗಳಲ್ಲಿ ‘ಶುಭ ವಿವಾದ’ ಎಂದಿತ್ತು. (ವರ್ಷ ಕಳೆದ ಮೇಲೆ ಗಂಡು ಹೆಣ್ಣು ಇಬ್ಬರಿಗೂ ಅದರಲ್ಲಿ ತಪ್ಪೇನೂ ಕಾಣಲಿಲ್ಲವಂತೆ. ಅದು ಬೇರೆ ಮಾತು.)

ಪ್ರೆಸ್ಸಿನ ಯಜಮಾನರು ಬೈಯಲಿಲ್ಲ. "ಇನ್ನೊಂದು ಸಲ ಹೀಗಾದ್ರೆ ಕಷ್ಟ ಆಗುತ್ತೆ ಸಾರ್" ಎಂದಷ್ಟೇ ಮೆಲ್ಲಗೆ ಹೇಳಿದರು. ಬೈದಿದ್ದರೆ ಕರಡಿ ಸಾರ್‌ಗೆ ಊಟ ಸೇರುತ್ತಿತ್ತು.

"ಒಂದು ಸೈಕಲ್ ತಗೊಳ್ರೀ" ಎಂದಳು ಹೆಂಡತಿ. ಅವಳು ಕ್ಲಿನಿಕ್ಕೊಂದರಲ್ಲಿ ರಕ್ತ ತೆಗೆಯುವ ಕೆಲಸದಲ್ಲಿದ್ದಳು. (ಕ್ಲಿನಿಕ್ಕಿನಲ್ಲಿ ಮಾತ್ರ ಎನ್ನುವುದು ಅವಳ ವಾದ, ಕರಡಿ ಸಾರ್ ಈ ವಿಷಯದಲ್ಲಿ ಮೌನ ವಹಿಸುತ್ತಾರೆ.) "ಸ್ಕೂಟರ್‌ಗೆ ದುಡ್ಡಿಲ್ಲ, ನಡೆಯೋಕೆ ದಮ್ಮಿಲ್ಲ. ಒಂದು ಸಾಧಾರಣ ಸೈಕಲ್ ಸಾಕಲ್ವಾ?"

ಸಾಧಾರಣ ಸೈಕಲ್ಲಾದರೂ ಅಸಾಧಾರಣ ವಿಚಾರ ಮಾಡದೆ ಕೊಳ್ಳುವ ಜಾಯಮಾನ ಕರಡಿ ಸಾರ್ ಅವರದಲ್ಲ. ಅಂದಿನಿಂದ ಮನೆಯಲ್ಲಿ ಸೈಕಲ್ ಪುರಾಣ ಶುರುವಾಯಿತು. ಊಟಕ್ಕೆ ಕೂತರೆ ಟೈರಿನ ಅಗಲ, ಎದ್ದರೆ ಚೌಕಟ್ಟಿನ ತೂಕ. ಸೈಕಲ್ ಇದ್ದವರನ್ನೂ ಕೇಳಿದರು, ಇಲ್ಲದವರನ್ನೂ ಕೇಳಿದರು. ಇಲ್ಲದವರೇ ಹೆಚ್ಚು ವಿವರವಾಗಿ ಹೇಳಿದರು. ಕಚೇರಿ ಮುಗಿಸಿ ಅಂಗಡಿ ಅಂಗಡಿ ಅಲೆದು ಕತ್ತಲಾದ ಮೇಲೆ ಮನೆಗೆ ಬರುವುದು ರೂಢಿಯಾಯಿತು.

"ಜನ ಸೈಕಲ್ ತಗೊಂಡಮೇಲೆ ಸೈಕಲ್ ಹೊಡೀತಾರೆ. ನೀವು ತಗೊಳ್ಳೋಕೆ ಮುಂಚೇನೇ ಶುರು ಮಾಡಿದ್ದೀರಲ್ಲ" ಎಂದಳು ಹೆಂಡತಿ.

ಇದನ್ನೆಲ್ಲ ಅಡುಗೆಮನೆಯ ಕಿಟಕಿ ಪಕ್ಕದ ಕುರ್ಚಿಯಿಂದ ಕೇಳಿಸಿಕೊಳ್ಳುತ್ತಿದ್ದವರು ಅತ್ತೆ, ಅಂದರೆ ಕರಡಿ ಸಾರ್ ಅವರ ಹೆಂಡತಿಯ ತಾಯಿ. ಬಹುಕಾಲ ಚಿತ್ರಮಂದಿರವೊಂದರ ಕಿಂಡಿಯಲ್ಲಿ ಕೂತು ಟಿಕೆಟ್ ಕೊಟ್ಟವರು. ಆ ಚಿತ್ರಮಂದಿರ ಮುಚ್ಚಿದ ಮೇಲೆ ಮಗಳ ಮನೆಗೆ ಬಂದು, ಇರುವುದರಲ್ಲಿ ಕಿಂಡಿಯಂತೆ ಕಂಡ ಆ ಕಿಟಕಿಯ ಬಳಿ ಕೂತುಬಿಟ್ಟಿದ್ದರು. ಮೊದಮೊದಲು ಬಚ್ಚಲುಮನೆಯಲ್ಲಿ ಯಾರಾದರೂ ಇದ್ದರೆ, "ಹೌಸ್‌ಫುಲ್, ಆಮೇಲೆ ಬನ್ನಿ" ಎಂದು ತಮಾಷೆ ಮಾಡುತ್ತಿದ್ದರು. ಈಚೆಗೆ ಅದೂ ಕಡಿಮೆಯಾಗಿತ್ತು. ಊಟವೂ ಅಷ್ಟಕ್ಕಷ್ಟೆ. "ಅಮ್ಮ ಯಾಕೋ ಮಂಕಾಗಿಬಿಟ್ಟಿದ್ದಾಳೆ ಕಣ್ರೀ" ಎಂದು ಹೆಂಡತಿ ಒಂದೆರಡು ಸಲ ಹೇಳಿದಳು. ಕರಡಿ ಸಾರ್ ತಲೆಯಾಡಿಸಿದರು. ಆ ತಲೆಯ ತುಂಬ ಆಗ ಸೈಕಲ್ಲಿನ ಗೇರುಗಳಿದ್ದವು.

ಹೊಳೆಯುವ ಗಾಜಿನ ಬಾಗಿಲಿನ ಅಂಗಡಿಯೊಂದರಲ್ಲಿ ಮಾರಾಟಗಾರ ರಾಶಿ ಗೇರುಗಳ ಸೈಕಲ್ಲೊಂದನ್ನು ತೋರಿಸಿ, "ಬೆಟ್ಟ ಹತ್ತಬಹುದು ಸಾರ್" ಎಂದ.

"ಹತ್ತಿ ನಾನಲ್ಲಿ ಏನು ಮಾಡ್ಲಪ್ಪ? ನಂಗೆ ಬೇಕಾಗಿರೋದು ಪ್ರೆಸ್ಸಿಗೆ ಹೋಗೋಕೆ."

ಬೆಲೆ ಕೇಳಿದ ಮೇಲಂತೂ ಬೆಟ್ಟ ಹತ್ತದೆಯೇ ಉಸಿರು ಸಿಕ್ಕಿಕೊಂಡಿತು. ಹೊರಬರುವಾಗ ಗಾಜಿನ ಮೇಲೆ ‘ಬಿಡಿಬಾಗಗಳು ದೊರೆಯುತ್ತವೆ’ ಎಂದು ಬರೆದದ್ದು ಕಣ್ಣಿಗೆ ಬಿತ್ತು. "ಭಾ ಆಗ್ಬೇಕು, ಮಹಾಪ್ರಾಣ" ಎಂದರು. "ನೀವು ಏನಾದ್ರೂ ತಗೊಳ್ಳೋದಿದ್ರೆ ತಗೊಳ್ಳಿ ಸಾರ್" ಎಂದ ಮಾರಾಟಗಾರ. ಇನ್ನೊಂದು ಅಂಗಡಿಯಲ್ಲಿ ಮಡಚುವ ಸೈಕಲ್ ಇತ್ತು. ಕರಡಿ ಸಾರ್ ಅದನ್ನು ತಾವೇ ಮಡಚಿದರು. ಬಿಚ್ಚಲು ಅಂಗಡಿಯವರೆಲ್ಲ ಸೇರಬೇಕಾಯಿತು.

ಕೊನೆಗೆ ಹೆಂಡತಿ ಗಡುವು ಕೊಟ್ಟಳು: "ಈ ಭಾನುವಾರ ಸೈಕಲ್ ಇಲ್ದೆ ಬಂದ್ರೆ, ಈ ಮನೇಲಿ ಇನ್ನು ಸೈಕಲ್ ಅನ್ನೋ ಮಾತೇ ಆಡಕೂಡದು."

ಭಾನುವಾರ ಅವರು ಹೋದದ್ದು ಹಳೇ ಸೈಕಲ್ ಮಾರುವವನ ಬಳಿಗೆ. ಗೋಡೆಯಿಂದ ಸುತ್ತುವರಿದ ಬಯಲು. ಸುತ್ತಲೂ ಒರಗಿಸಿಟ್ಟ ಸೈಕಲ್ಲುಗಳು, ಮಧ್ಯೆ ಕುರ್ಚಿ ಹಾಕಿಕೊಂಡು ಚಹಾ ಕುಡಿಯುತ್ತಿದ್ದ ದಪ್ಪ ಮೀಸೆಯ ವ್ಯಾಪಾರಿ. ಅಡ್ಡ ಕಂಬಿಯ ಸೈಕಲ್ಲುಗಳ ಮೇಲೆ ಕಾಲೆತ್ತಿ ಹಾಕಲು ಕರಡಿ ಸಾರ್ ಪ್ರಯತ್ನಿಸಿದರು. ಪ್ಯಾಂಟಿನ ಹೊಲಿಗೆ ಎಚ್ಚರಿಕೆ ಕೊಟ್ಟಿತು. ಆಗ ಕಂಡದ್ದು ಗಿಳಿಹಸಿರು ಬಣ್ಣದ, ಕಂಬಿ ಬಾಗಿದ, ಮುಂದೆ ಬುಟ್ಟಿಯಿದ್ದ ಹೆಂಗಸರ ಸೈಕಲ್. ಕಾಲೆತ್ತುವ ಪ್ರಮೇಯವೇ ಇಲ್ಲ.

"ಇದನ್ನ ಸ್ವಲ್ಪ ಓಡಿಸಿ ನೋಡ್ತೀನಿ" ಎಂದು, ಒಂದು ಕಲ್ಲಿನ ಮೇಲೆ ಕಾಲಿಟ್ಟು ಹತ್ತಿ ಹೊರಟೇಬಿಟ್ಟರು.

ಕಾಲೇಜು ಬಿಟ್ಟ ಮೇಲೆ ಅವರು ಸೈಕಲ್ ಮುಟ್ಟಿದವರಲ್ಲ. ಆದರೂ ಕಾಲುಗಳು ವಿದ್ಯೆಯನ್ನು ಮರೆತಿರಲಿಲ್ಲ. ಮೊದಲ ಸುತ್ತಿನಲ್ಲಿ ಎದೆಯುಬ್ಬಿತು. ಎರಡನೆಯ ಸುತ್ತಿನಲ್ಲಿ ಒಂದು ಭಯಂಕರ ಸತ್ಯ ಹೊಳೆಯಿತು: ಸೀಟು ಎತ್ತರ, ಕಾಲು ನೆಲಕ್ಕೆ ಎಟಕುವುದಿಲ್ಲ. ಬ್ರೇಕು ಹಿಡಿದರೆ ಸೈಕಲ್ ನಿಲ್ಲುತ್ತದೆ. ನಿಂತರೆ ತಾವು ಬೀಳುತ್ತಾರೆ. ತರ್ಕದಲ್ಲಿ ಒಂದು ಅಲ್ಪವಿರಾಮಕ್ಕೂ ತಿದ್ದುಪಡಿ ಬೇಕಿರಲಿಲ್ಲ. ಬೇರೆ ದಾರಿ ಕಾಣದೆ ತುಳಿಯುತ್ತಲೇ ಇದ್ದರು.

ವ್ಯಾಪಾರಿ ಚಹಾ ಲೋಟ ಕೆಳಗಿಟ್ಟು ಬೆಲೆ ಹೇಳಿದ. ಕರಡಿ ಸಾರ್ ಉತ್ತರಿಸದೆ ಮುಂದೆ ಹೋದರು. ಬಾಯಿ ತೆರೆದರೆ ತೋಲ ತಪ್ಪುವ ಭಯ.

ಮತ್ತೆ ಎದುರಿಗೆ ಬಂದಾಗ, "ಆಯ್ತು, ಸ್ವಲ್ಪ ಕಡಿಮೆ ಮಾಡ್ಕೊಡ್ತೀನಿ" ಎಂದ ವ್ಯಾಪಾರಿ. ಕರಡಿ ಸಾರ್ ಹಲ್ಲು ಕಚ್ಚಿಕೊಂಡು ಹಾದುಹೋದರು.

"ಏನು ಸ್ವಾಮಿ, ಮುಖ ಹಾಗೆ ಮಾಡ್ತೀರಿ? ಟೈರು ನೋಡಿ, ಹೊಸದು. ಇನ್ನೂ ಸ್ವಲ್ಪ ಬಿಡ್ತೀನಿ."

ಮತ್ತೊಂದು ಸುತ್ತು. ಈಗ ಅವರ ಮುಖದ ಮೇಲೆ ಬೆವರು ಧಾರಾಕಾರವಾಗಿ ಇಳಿಯುತ್ತಿತ್ತು. ಕಣ್ಣು ನೆಟ್ಟ ನೋಟ. ವ್ಯಾಪಾರಿ ತನ್ನ ಜೀವಮಾನದಲ್ಲಿ ಚೌಕಾಸಿ ಮಾಡುವವರನ್ನು ಬೇಕಾದಷ್ಟು ನೋಡಿದ್ದ, ಇಂಥ ಕಲ್ಲುಮನಸ್ಸಿನ ಗಿರಾಕಿಯನ್ನು ಕಂಡಿರಲಿಲ್ಲ. ಎದ್ದು ನಿಂತು ಕೈಮುಗಿದ. "ಅರ್ಧಕ್ಕೆ ತಗೊಂಡ್ಹೋಗಿ. ಇದಕ್ಕಿಂತ ಕೆಳಗೆ ಇಳಿಯೋಕಾಗಲ್ಲ."

"ನನಗೂ ಇಳಿಯೋಕಾಗ್ತಿಲ್ಲ" ಎಂದರು ಕರಡಿ ಸಾರ್, ಮತ್ತು ಅಷ್ಟು ಮಾತಾಡಿದ್ದಕ್ಕೇ ತೋಲ ತಪ್ಪಿ ಹಳೇ ಟೈರುಗಳ ರಾಶಿಯೊಳಗೆ ಮೆತ್ತಗೆ ಅಂತರ್ಧಾನರಾದರು.

ಸೈಕಲ್ಲನ್ನು ತಳ್ಳಿಕೊಂಡೇ ಮನೆಗೆ ಬಂದರು. "ಅರ್ಧಕ್ಕೆ ಇಳಿಸಿದೆ" ಎಂದು ಬಾಗಿಲಲ್ಲೇ ಘೋಷಿಸಿದರು. ಹೇಗೆ ಇಳಿಸಿದರೆಂಬ ವಿವರಕ್ಕೆ ಹೋಗಲಿಲ್ಲ. ಹೆಂಡತಿ ಮೊದಲ ಸಲ ಅವರನ್ನು ಒಬ್ಬ ವ್ಯವಹಾರಸ್ಥನನ್ನು ನೋಡುವಂತೆ ನೋಡಿದಳು. ಆ ನೋಟಕ್ಕೇ ಸೈಕಲ್ಲಿನ ಬೆಲೆ ಹುಟ್ಟಿತು ಎನ್ನಿಸಿತು ಅವರಿಗೆ.

ಆಗ ಕಿಟಕಿಯ ಪಕ್ಕದ ಕುರ್ಚಿ ಕಿರ್ರೆಂದಿತು. ಅತ್ತೆ ಹೊರಬಂದು, ಬಾಗಿದ ಕಂಬಿಯನ್ನು ನೋಡಿದರು, ಬುಟ್ಟಿಯನ್ನು ಮುಟ್ಟಿದರು, ಗಂಟೆ ಬಾರಿಸಿದರು. ಇನ್ನೊಂದು ಸಲ ಬಾರಿಸಿದರು.

"ಬಣ್ಣ ಚೆನ್ನಾಗಿದೆ ಅಳಿಯಂದ್ರೆ" ಎಂದರು. ಅಷ್ಟೆ.

ಸೀಟು ತಗ್ಗಿಸಿಕೊಂಡು ಕರಡಿ ಸಾರ್ ಮರುದಿನದಿಂದ ಪ್ರೆಸ್ಸಿಗೆ ಹೋಗತೊಡಗಿದರು. ಬೈಂಡಿಂಗಿನವರು ನಿರೀಕ್ಷೆಯಂತೆ, "ಸಾರ್, ಸರ್ಕಸ್ಸು ಎಷ್ಟು ದಿನ ಇರುತ್ತೆ?" ಎಂದು ಕೇಳಿದರು. ಕೇಳಿಕೊಳ್ಳಲಿ. ಏರಿನಲ್ಲಿ ಇಳಿದು ತಳ್ಳಿ, ಇಳಿಜಾರಿನಲ್ಲಿ ಹತ್ತಿ ಗಾಳಿಗೆ ಮುಖವೊಡ್ಡಿಕೊಂಡು ಹೋಗುವಾಗ ಅವರಿಗೆ ಲೋಕದಲ್ಲಿ ಯಾರ ಮೇಲೂ ಸಿಟ್ಟಿರಲಿಲ್ಲ. ಹಣೆ ಬೆವರದೆ ಕೂತು ಓದಿದ ಪುಟಗಳಲ್ಲಿ ವಿವಾಹ ವಿವಾಹವಾಗಿಯೇ ಉಳಿಯಿತು.

ಮುಂದಿನ ಭಾನುವಾರ ಮಧ್ಯಾಹ್ನ ಮೆಟ್ಟಿಲ ಕೆಳಗೆ ಸೈಕಲ್ ಇರಲಿಲ್ಲ. ಕರಡಿ ಸಾರ್, "ಕಳ್ಳತನ ಆಗಿದೆ ಕಣೇ" ಎನ್ನುತ್ತ ಚಪ್ಪಲಿಯನ್ನೂ ಮೆಟ್ಟದೆ ಬೀದಿಗೆ ಬಂದು, ಎದುರುಮನೆಯವರನ್ನು ಎಬ್ಬಿಸಿ, ಗಿಳಿಹಸಿರು ಸೈಕಲ್ಲಿನ ಗುಣಲಕ್ಷಣಗಳನ್ನು ವರ್ಣಿಸುತ್ತಿದ್ದಾಗ ದೂರದಿಂದ ಗಂಟೆ ಕೇಳಿಸಿತು. ಬೀದಿಯ ತಿರುವಿನಲ್ಲಿ ಅತ್ತೆ ಕಾಣಿಸಿಕೊಂಡರು. ಸೆರಗು ಸೊಂಟಕ್ಕೆ ಸಿಕ್ಕಿಸಿತ್ತು. ಬುಟ್ಟಿಯಲ್ಲಿ ತರಕಾರಿ. ದಾರಿಯಲ್ಲಿ ಯಾರೂ ಇಲ್ಲದಿದ್ದರೂ ಗಂಟೆ ಬಾರಿಸುತ್ತಿದ್ದರು.

"ನೀವು ಮಲಗಿದ್ರಿ, ಎಬ್ಬಿಸೋದು ಯಾಕೆ ಅಂತ" ಎಂದರು ಇಳಿಯುತ್ತ. ಎಷ್ಟು ಸಲೀಸಾಗಿ ಇಳಿದರೆಂದರೆ ಕರಡಿ ಸಾರ್‌ಗೆ ಹೊಟ್ಟೆಕಿಚ್ಚಾಯಿತು. "ಮದುವೆಗೆ ಮುಂಚೆ ಹೊಡೀತಿದ್ದೆ. ಮರೆತುಹೋಗಿರಬೇಕು ಅಂದ್ಕೊಂಡಿದ್ದೆ."

ಆ ರಾತ್ರಿ ಅತ್ತೆ ಎರಡನೆಯ ಸಲ ಬಡಿಸಿಕೊಂಡು ಊಟ ಮಾಡಿದರು. ಹೆಂಡತಿ ಗಂಡನ ಕಡೆ ನೋಡಿದಳು. ಆ ನೋಟದ ಅರ್ಥ ಸ್ಪಷ್ಟವಾಗಿತ್ತು: ಸೈಕಲ್ಲಿನ ಬಗ್ಗೆ ಒಂದು ಮಾತಾಡಿದರೆ ನೋಡಿ.

ಹಾಗಾಗಿ ಅತ್ತೆ ಬೆಳಗ್ಗೆ ಹಾಲು ತರಲು ಸೈಕಲ್ಲಿನಲ್ಲಿ ಹೋದರು, ಕರಡಿ ಸಾರ್ ಮಾತಾಡಲಿಲ್ಲ. ಹಾಲಿಗೆ ಹೋದವರು ಹಾಗೇ ಹಳೆಯ ಚಿತ್ರಮಂದಿರದ ಗೆಳತಿಯರನ್ನು ಮಾತಾಡಿಸಿ ಬರತೊಡಗಿದರು, ಆಗಲೂ ಮಾತಾಡಲಿಲ್ಲ. ಒಂದು ಬೆಳಗ್ಗೆ ಮಾತ್ರ ಕರಡಿ ಸಾರ್ ಊಟದ ಡಬ್ಬಿ ಹಿಡಿದು ಗೇಟಿನ ಬಳಿ ನಿಂತೇ ನಿಂತರು. ಪ್ರೆಸ್ಸಿನ ಹೊತ್ತಾಯಿತು, ಮೀರಿತು. ಆಮೇಲೆ ಗಂಟೆಯ ಸದ್ದು ಬಂತು.

"ಅಯ್ಯೋ ತಡವಾಯ್ತು, ಕ್ಷಮಿಸಿ ಅಳಿಯಂದ್ರೆ" ಎಂದ ಅತ್ತೆ ಸೀಟಿನಿಂದ ಇಳಿಯಲಿಲ್ಲ. "ನೀವು ಓಡಿಸಿದ್ರೆ ಏರಲ್ಲಿ ಇಳಿದು ತಳ್ತೀರಿ. ಹೊತ್ತಾಗುತ್ತೆ. ಹಿಂದೆ ಕೂತ್ಕೊಳ್ಳಿ, ಬಿಟ್ಟು ಬರ್ತೀನಿ."

"ಅತ್ತೇ, ನೋಡಿದವರು ಏನಂತಾರೆ..."

"ಏನಂತಾರೆ? ಅಳಿಯಂದ್ರು ಹೊತ್ತಿಗೆ ಸರಿಯಾಗಿ ಬಂದ್ರು ಅಂತಾರೆ. ಕೂತ್ಕೊಳ್ಳಿ."

ಕೂತರು. ಒಂದೇ ಪಕ್ಕಕ್ಕೆ ಕಾಲಿಳಿಬಿಟ್ಟು, ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು, ಹಾದಿಯುದ್ದಕ್ಕೂ ತಲೆ ತಗ್ಗಿಸಿಯೇ ಕೂತರು. ಸೇತುವೆಯ ಏರಿನಲ್ಲಿ, "ಇಳೀಲಾ ಅತ್ತೆ?" ಎಂದು ಕೇಳಿದರು.

"ಅಲ್ಲಾಡ್ಬೇಡಿ" ಎಂದಷ್ಟೇ ಉತ್ತರ ಬಂತು.

ಪ್ರೆಸ್ಸಿನ ಮೆಟ್ಟಿಲ ಮೇಲೆ ಯಜಮಾನರಿಂದ ಹಿಡಿದು ಬೈಂಡಿಂಗಿನವರವರೆಗೆ ಎಲ್ಲರೂ ಆ ಹೊತ್ತಿಗೆ ಚಹಾ ಕುಡಿಯುತ್ತ ನಿಂತಿದ್ದರು. ಯಾರೂ ನಗಲಿಲ್ಲ. ನಗಬೇಕೆಂಬುದೂ ಹೊಳೆಯದಷ್ಟು ಬೆರಗಾಗಿದ್ದರು. ಯಜಮಾನರು ಮಾತ್ರ ಕರಡಿ ಸಾರ್ ಅವರನ್ನು ದಾಟಿಕೊಂಡು ಅತ್ತೆಯ ಮುಂದೆ ಬಂದರು.

"ಅಮ್ಮಾ, ಇವರನ್ನ ಕೂರಿಸ್ಕೊಂಡು ಸೇತುವೆ ಹತ್ತಿದ್ರಾ?"

"ಹೂಂ. ಇನ್ನೇನು ಮಾಡೋದು."

"ನಮಗೆ ಗಿರಾಕಿಗಳ ಮನೆಗೆ ಕರಡು ತಲುಪಿಸಿ ವಾಪಸ್ ತರೋಕೆ ಒಬ್ರು ಬೇಕಾಗಿದ್ರು. ನೀವು ಬರ್ತೀರಾ?"

ಅತ್ತೆ ಅಳಿಯನ ಕಡೆ ನೋಡಲೇ ಇಲ್ಲ. "ನಾಳೆಯಿಂದ್ಲಾ?" ಎಂದರು.

ಈಗ ಅತ್ತೆಯೂ ಅಳಿಯನೂ ಒಂದೇ ಪ್ರೆಸ್ಸಿನ ನೌಕರರು. ಸೈಕಲ್ಲು ಕಚೇರಿಯ ಕೆಲಸಕ್ಕೆ ಮೀಸಲು. ಕಾರಣ, ಅದರ ಚಕ್ರಕ್ಕೆ ಗಾಳಿ ಹಾಕಿಸುವ ಖರ್ಚನ್ನು ಯಜಮಾನರೇ ಕೊಡುತ್ತಾರೆ. ಕಿಟಕಿಯ ಪಕ್ಕದ ಕುರ್ಚಿಯ ಮೇಲೆ ಈಗ ಮಡಚದ ಬಟ್ಟೆಗಳು ಕೂತಿವೆ. ಅತ್ತೆ ದಿನಕ್ಕೆ ಹಲವು ಸಲ ಕರಡಿ ಸಾರ್ ಅವರ ಮೇಜಿನ ಮುಂದೆ ನಿಂತು, "ಬೇಗ ತಿದ್ದಿ ಅಳಿಯಂದ್ರೆ, ಗಾಡಿ ಹೊರಡಬೇಕು" ಎನ್ನುತ್ತಾರೆ. ಕರಡಿ ಸಾರ್ ಗೊಣಗುತ್ತಾರೆ, ಆದರೆ ತಿದ್ದುತ್ತಾರೆ. ಮನೆಯಲ್ಲಿ ಊಟದ ಹೊತ್ತಿಗೆ ಅತ್ತೆ ಗಿರಾಕಿಗಳ ಮನೆಯ ಸುದ್ದಿಗಳನ್ನೆಲ್ಲ ಹರವಿ ನಗಿಸುವಾಗ, ಎಲ್ಲರಿಗಿಂತ ಗಟ್ಟಿಯಾಗಿ ನಗುವವರೂ ಕರಡಿ ಸಾರ್ ಅವರೇ.

ಮೊನ್ನೆ ಸಂಜೆ ಕೆಲಸ ಮುಗಿಸಿ ಅವರು ಎಂದಿನಂತೆ ಹಿಂದೆ ಕೂತು, ಅತ್ತೆ ಮುಂದೆ ಸೆರಗು ಸಿಕ್ಕಿಸಿಕೊಳ್ಳುತ್ತಿದ್ದಾಗ ಮುದ್ರಣ ಯಂತ್ರದ ಮೇಸ್ತ್ರಿ ಓಡಿ ಬಂದರು.

"ಸಾರ್, ನಾನೂ ಒಂದು ಸೈಕಲ್ ತಗೋಬೇಕು ಅಂತಿದ್ದೀನಿ. ನೀವು ಅಷ್ಟು ದಿನ ವಿಚಾರಿಸಿ ತಗೊಂಡವರು. ಮುಖ್ಯವಾಗಿ ಏನು ನೋಡ್ಬೇಕು, ಹೇಳಿ."

ಕರಡಿ ಸಾರ್ ಗಂಟಲು ಸರಿಮಾಡಿಕೊಂಡರು. ಹೇಳಲು ಬೇಕಾದಷ್ಟಿತ್ತು. ಅಷ್ಟರಲ್ಲಿ ಸೈಕಲ್ಲು ಹೊರಟಿತು. ಡಬ್ಬಿಯನ್ನು ಎದೆಗವಚಿಕೊಂಡು, ದೂರವಾಗುತ್ತಿದ್ದ ಮೇಸ್ತ್ರಿಯ ಕಡೆ ಕತ್ತು ಹೊರಳಿಸಿ ಅವರು ಕೂಗಿ ಹೇಳಿದರು:

"ಕ್ಯಾರಿಯರ್ ಅಗಲ ಇದೆಯಾ ನೋಡ್ಕೊಳ್ಳಿ."