ಒಂದು ಹನಿಯೂ ಒಳಗೆ ಹೋಗುವುದಿಲ್ಲ

ಕ್ಯಾನ್‌ವಾಸಿಗೆ ಮೇಣ ಹಚ್ಚಿ ನೀರನ್ನು ತಡೆಯಬಹುದು. ಗಿರಾಕಿಯನ್ನು ತಡೆಯಲು ಏನು ಹಚ್ಚಬೇಕೆಂದು ಕೆಮಿಸ್ಟ್ರಿ ಎಂ.ಎಸ್ಸಿ.ಯಲ್ಲಿ ಹೇಳಿಕೊಡಲಿಲ್ಲ. ಹಾಗಾಗಿ ಮುಂದೆ ಹೇಳುವಂಥ ಪ್ರಸಂಗಗಳು ನನಗೆ ವಾರಕ್ಕೊಂದರಂತೆ ಆಗುತ್ತಿದ್ದವು.

ತೊಂಬತ್ತರ ದಶಕದ ಕೊನೆ. ಶಿವಾಜಿನಗರದಲ್ಲಿ ಸೋದರಮಾವನ ಟಾರ್ಪಾಲಿನ್ ಅಂಗಡಿ. ಅದರ ಒಂದು ಮೂಲೆಯಲ್ಲಿ ನಾನು ಮೇಣ ಕರಗಿಸಿ ಬ್ಯಾಗು, ಕೋಟುಗಳಿಗೆ ಬಳಿಯುತ್ತಿದ್ದೆ. ಮಾವ ಗಡುವು ಕೊಟ್ಟಿದ್ದರು: "ದೀಪಾವಳಿ ಒಳಗೆ ಒಬ್ಬ ಗಿರಾಕಿ ಬಂದು ನನ್ ಮುಂದೆ ಚೆನ್ನಾಗಿದೆ ಅನ್ಲಿ, ಮೂಲೆ ನಿಂದೇ. ಇಲ್ಲಾಂದ್ರೆ ಅಲ್ಲಿ ಪ್ಲಾಸ್ಟಿಕ್ ಬಕೆಟ್ ಜೋಡಿಸ್ತೀನಿ."

ಇಸ್ತ್ರಿ

ಫ್ರೇಜರ್ ಟೌನಿನ ಬ್ಯಾಂಕ್ ಅಧಿಕಾರಿಯೊಬ್ಬರ ಕೋಟಿಗೆ ಮೇಣ ಹಾಕಿ, ಬಿಸಿ ಮುಟ್ಟಿಸಬೇಡಿ ಎಂದು ಚೀಟಿ ಬರೆದು ಜೇಬಿನಲ್ಲಿಟ್ಟೆ. ನಾಲ್ಕೇ ದಿನಕ್ಕೆ ವಾಪಸ್ ಬಂದರು.

"ಏನ್ರೀ, ಕೋಟು ಸುಕ್ಕಾಗಿತ್ತು ಅಂತ ಇಸ್ತ್ರಿಗೆ ಕೊಟ್ಟೆ. ಮೇಣವೆಲ್ಲ ಇಸ್ತ್ರಿಪೆಟ್ಟಿಗೆಗೆ ಅಂಟಿ ನಮ್ಮ ತಂದೆಯವರ ಬಿಳಿ ಶರ್ಟಿಗೆ ಹೋಗಿದೆ."

"ಚೀಟಿ ಓದ್ಲಿಲ್ವಾ?"

"ಅದೂ ಇಸ್ತ್ರಿ ಆಗಿದೆ."

ಮಾವ ಆಸೆಯಿಂದ ಕೇಳಿದರು: "ಮಳೇಲಿ ಹೇಗಿದೆ ಸಾರ್?"

"ಕೋಟು ಸೋರುತ್ತೆ. ಶರ್ಟು ಒಂದು ಹನಿ ಬಿಡಲ್ಲ."

ಕವರ್

ಕಮ್ಮನಹಳ್ಳಿಯ ಮೆಡಿಕಲ್ ರೆಪ್ ಒಬ್ಬ ಜಡಿಮಳೆಯಲ್ಲಿ ಬಂದ. ನಾನು ಮೇಣ ಹಚ್ಚಿದ್ದ ಬ್ಯಾಗಿಗೆ ಪ್ಲಾಸ್ಟಿಕ್ ಕವರ್ ಸುತ್ತಿ, ದಾರ ಕಟ್ಟಿದ್ದ.

"ಇದೇನ್ ಗುರು?"

"ಮಳೆ ಸಾರ್. ಮೇಣ ಹಾಳಾಗ್ಬಾರ್ದಲ್ಲ."

ಕೋಪ ನುಂಗಿಕೊಂಡೆ. ಗಡುವು ನೆನಪಾಗಿ, ಮಾವನಿಗೆ ಒಂದು ಮಾತು ಹೇಳು ಎಂದೆ.

ಅವನು ಹೇಳಿದ: "ಒಳಗೆ ಒಂದು ಹನೀನೂ ಹೋಗಿಲ್ಲ ಸಾರ್. ಕವರ್ ಭಾರಿ ಗಟ್ಟಿ."

ಮರುದಿನ ಮಾವ ಬಕೆಟ್ಟಿನವನ ಫೋನ್ ನಂಬರ್ ಗೋಡೆಯ ಮೇಲೆ ಬರೆದುಕೊಂಡರು.

ಕೆ.ಆರ್. ಪುರದ ದೂರು

ಹಬ್ಬಕ್ಕೆ ನಾಲ್ಕು ದಿನ ಇರುವಾಗ ಒಬ್ಬ ಹೆಂಗಸು ಬಂದು ಚೀಲವನ್ನು ಮೇಜಿನ ಮೇಲೆ ಕುಕ್ಕಿದಳು. ಗಂಡ ಗಾರೆ ಕೆಲಸದವನು. ರಾಯಚೂರು ಕಡೆಯವರು, ಕೆ.ಆರ್. ಪುರದಲ್ಲಿ ಬಾಡಿಗೆ ರೂಮು. ಅವನ ಸಾಮಾನಿನ ಚೀಲಕ್ಕೆ ಹೊಲಿಗೆ ಸಂದೂ ಬಿಡದೆ ಮೇಣ ತುಂಬಿಕೊಟ್ಟಿದ್ದೆ.

"ಹೊರಗಿನ ನೀರು ಒಳಗ ಬರಂಗಿಲ್ಲ ಅಂದಿದ್ರಿ. ಮಾಳಿಗಿ ಮ್ಯಾಲ ಇಟ್ಟಿದ್ವಿ, ಮಳಿ ನೀರು ತುಂಬಿಬಿಡ್ತು."

"ಮುಚ್ಚಳ ಹಾಕಿದ್ರಾ?"

"ಇಲ್ಲ."

ಆಕಾಶಕ್ಕೆ ನಾನು ಗ್ಯಾರಂಟಿ ಕೊಟ್ಟಿರಲಿಲ್ಲ. ಅದನ್ನೇ ಹೇಳಬೇಕೆನ್ನುವಷ್ಟರಲ್ಲಿ ಆಕೆ ಮುಂದುವರಿಸಿದಳು.

"ಇವತ್ತು ಚೆಲ್ಲೂತನಕ ಮೂರು ದಿನ ನೀರು ಹಂಗೇ ಇತ್ತು. ಒಂದು ಹನಿ ಸೋರಿಲ್ಲ. ನಮ್ಮ ಓಣ್ಯಾಗ ನಳ ಬರೂದು ಮೂರು ದಿನಕ್ಕೊಮ್ಮಿ. ಕೊಡ ಒಡೀತಾವ, ಇದು ಒಡಿಯಂಗಿಲ್ಲ. ಇನ್ನಾ ನಾಲ್ಕು ಮಾಡಿ ಕೊಡ್ರಿ." ಮಾವನ ಕಡೆ ತಿರುಗಿದಳು. "ಭಾಳ ಚಲೋ ಐತ್ರಿ, ಯಜಮಾನ್ರ."

ಎರಡು ವರ್ಷದಲ್ಲಿ ನನಗೆ ಸಿಕ್ಕ ಮೊದಲ ಪ್ರಶಂಸೆ. ತಡೆದುಕೊಳ್ಳಲಾಗಲಿಲ್ಲ.

"ನೋಡಮ್ಮಾ, ಇದು ಚೀಲ. ಕೊಡ ಅಲ್ಲ."

"ಇರ್ಲಿ ಬಿಡ್ರಿ, ನಾವು ಯಾರಿಗೂ ಹೇಳಂಗಿಲ್ಲ."

ಮಾವ ಎದ್ದು ಹೋಗಿ ಗೋಡೆಯ ಮೇಲಿನ ನಂಬರ್ ಅಳಿಸಿದರು.

"ಮೂಲೆ ನಿಂದೇನಪ್ಪಾ, ಎಂ.ಎಸ್ಸಿ. ಬಕೆಟ್ ತರಿಸೋ ಕೆಲ್ಸ ತಪ್ಪಿಸ್ದೆ."