ಕಾಕಾ ಸಾರಿನಲ್ಲಿ ಹುಡುಕಿದ ಜೀನು

ಹುಳುಗಳಿಗೆ ರೋಗ ಬರಿಸಿ ಸಂಬಳ ತೆಗೆದುಕೊಳ್ಳುವ ಮನುಷ್ಯರನ್ನು ನೀವು ಕಂಡಿದ್ದೀರಾ? ನಮ್ಮ ಮನೆತನದಲ್ಲೇ ಒಬ್ಬನಿದ್ದ, ಅಪ್ಪನ ತಮ್ಮ, ನನ್ನ ಕಾಕಾ! ಅವನಿದ್ದ ನಾಗಪುರದ ಸುತ್ತಲೂ ಹತ್ತಿ. ಹತ್ತಿಕಾಯಿ ಕೊರೆಯುವ ಹುಳುವನ್ನು ಕೊಲ್ಲುವ ವೈರಸ್ಸೊಂದಿದೆ. ಅದು ಹುಳುವಿನ ಮೈಹೊಕ್ಕು ತನ್ನ ಡಿಎನ್‌ಎಯನ್ನು ಒಂದಕ್ಕೆ ಸಾವಿರ ಮಾಡಿಕೊಳ್ಳುತ್ತದಂತೆ. ಅದಕ್ಕೆ ಯಾವ ಯಾವ ಜೀನು ಬೇಕು ಎಂದು ಹುಡುಕುವುದರಲ್ಲೇ ಕಾಕಾನ ತಲೆಗೂದಲೆಲ್ಲ ಉದುರಿತ್ತು.

ಅವನ ಪದ್ಧತಿ ಸರಳ. ವೈರಸ್ಸಿನ ಜೀನುಗಳನ್ನು ಬೇರೆ ಬೇರೆ ತುಣುಕು ಮಾಡಿ, ಎಲ್ಲವನ್ನೂ ಒಟ್ಟಿಗೆ ಹುಳುವಿನ ಜೀವಕೋಶಕ್ಕೆ ಸೇರಿಸುವುದು. ಮುಂದಿನ ಸಲ ಒಂದನ್ನು ಬಿಟ್ಟು ಉಳಿದದ್ದನ್ನೆಲ್ಲ ಸೇರಿಸುವುದು. ಡಿಎನ್‌ಎಯ ಪ್ರತಿಗಳು ಆಗಲಿಲ್ಲವೋ, ಬಿಟ್ಟ ಜೀನು ಬೇಕೇಬೇಕು ಎಂದಾಯಿತು. ಇದು ಲ್ಯಾಬಿನಲ್ಲೇ ಉಳಿದಿದ್ದರೆ ನಮ್ಮದೇನು ತಕರಾರಿತ್ತು!

ಆದರೆ ಅವನ ಹೆಂಡತಿ, ನಮ್ಮ ಕಾಕೂಗೆ ಬ್ಯಾಂಕಿನವರು ಬಡ್ತಿ ಕೊಟ್ಟು ಬಾಗಲಕೋಟೆಗೆ ವರ್ಗ ಮಾಡಿದರು. "ನೀವು ಬ್ಯಾಡ ಅಂದ್ರ ಬಿಟ್ಟ ಬಿಡ್ತೀನ್ರಿ," ಅಂದಳು ಕಾಕೂ.

"ಹೋಗು ನೀ. ನಾ ಏನ್ ಉಪಾಸ ಸಾಯಂಗಿಲ್ಲ. ಸಾರು ಮಾಡೂದು ಅಂಥಾ ದೊಡ್ಡ ವಿದ್ಯಾನ?" ಅಂದ ಕಾಕಾ.

ದೊಡ್ಡ ವಿದ್ಯೆಯೇ ಆಗಿತ್ತು! ಡಬ್ಬಿಯಲ್ಲಿದ್ದದ್ದನ್ನೆಲ್ಲ ಹಾಕಿದರೂ ಕಾಕೂನ ಸಾರಿನ ರುಚಿ ಬರಲಿಲ್ಲ. ಸರಿ, ಕಾಕಾ ತನ್ನ ಪದ್ಧತಿಯನ್ನು ಅಡಿಗೆಮನೆಗೆ ತಂದ. ಒಂದು ಭಾನುವಾರ ಇಂಗು ಬಿಟ್ಟ, ಇನ್ನೊಂದು ಭಾನುವಾರ ಹುಣಸೆಹಣ್ಣು. ಉಪ್ಪು ಬಿಟ್ಟ ದಿನ ಊಟಕ್ಕೆ ಸಿಕ್ಕವಳು, ಕಾಲೇಜಿಗೆಂದು ಅವನ ಮನೆಯಲ್ಲಿದ್ದ ನಾನು.

"ಹೆಂಗೈತಿ?"

"ಬಾಯಾಗ ಇಡಾಕ ಆಗವಲ್ದು ಕಾಕಾ!"

"ಭೇಷ್! ಹಂಗಾರ ಉಪ್ಪು ಬೇಕೇಬೇಕು!"

ಬೇಳೆ ಬಿಟ್ಟ ದಿನ ನಮ್ಮ ವಠಾರದ ಮರಾಠಿ ಅಜ್ಜಿಗೆ ಒಂದು ಬಟ್ಟಲು ಕೊಟ್ಟ. ಪಾಪ, ಅಜ್ಜಿ ನೀರೆಂದುಕೊಂಡು ಅದರಲ್ಲಿ ಕೈ ತೊಳೆದುಕೊಂಡಳು.

"ಫೋನ್ ಮಾಡಿ ಕಾಕೂನ್ನ ಕೇಳಬಾರದೇನು?" ಅಂದೆ.

"ಕೇಳಿದ್ರ ಅದು ಪ್ರಯೋಗ ಹೆಂಗಾಗ್ತೈತಿ?" ಅಂದ.

ದಿನಾ ಸಂಜೆ, ಹಿಂದೆ ಕಾಕೂ ಬ್ಯಾಂಕಿನಿಂದ ಬರುತ್ತಿದ್ದ ಹೊತ್ತಿಗೆ, ಮಹಾಲ್ ಪೇಟೆಯ ನಮ್ಮ ಗಲ್ಲಿ ನೋಡುತ್ತಾ ಬಾಗಿಲಲ್ಲಿ ನಿಲ್ಲುತ್ತಿದ್ದ. ಯಾಕೆ ಎಂದು ಕೇಳಿದರೆ "ಗಾಳಿಗೆ" ಅನ್ನುತ್ತಿದ್ದ. ಮೇ ತಿಂಗಳ ನಾಗಪುರದಲ್ಲಿ ಗಾಳಿ!

ಭಾನುವಾರ ಕಾಕಾ ಎಸ್‌ಟಿಡಿ ಬೂತಿನಿಂದ ಕಾಕೂಗೆ ಫೋನು ಮಾಡುತ್ತಿದ್ದ. ಕಾಕೂ "ಊಟ ಆತೇನ್ರಿ?" ಅಂದರೆ, "ಈ ವಾರ ಲ್ಯಾಬಿನ್ಯಾಗ ಡಿಎನ್‌ಎ ಎಳೆ ಬಿಚ್ಚೋ ಜೀನು ಬಿಟ್ಟಿದ್ದೆ, ಒಂದ ಪ್ರತೀನೂ ಆಗ್ಲಿಲ್ಲ ನೋಡು!" ಅನ್ನುತ್ತಿದ್ದ. ಅವಳು "ಮತ್ತ?" ಅಂದರೆ "ಮತ್ತೇನಿಲ್ಲ." ಇದಕ್ಕೇನನ್ನಬೇಕು ಹೇಳಿ! ಈ ನಡುವೆ ಕಾಕೂ ಊರಲ್ಲಿ ನಮ್ಮ ಅವ್ವನ ಹತ್ತಿರ ಹೇಳಿದ್ದಳಂತೆ: "ವಾಪಸ್ ನಾಗಪುರಕ್ಕ ಹೋಗ್ತೀರೇನು ಅಂತ ಬ್ಯಾಂಕಿನ್ಯಾಗ ಕೇಳ್ಯಾರ ವೈನಿ. ಇವರು ಒಂದ ಸಲ ಬಾ ಅಂದ್ರ ಸಾಕು. ಇಲ್ಲಂದ್ರ ಇಲ್ಲೇ ಇದ್ದುಬಿಡ್ತೀನಿ."

ಒಂದು ಭಾನುವಾರ ಕಾಕಾ ಬೆಲ್ಲ ಬಿಟ್ಟಿದ್ದ. ಬಾಯಿಗಿಟ್ಟವಳೇ ಕೂಗಿದೆ, "ಕಾಕಾ! ಬರೋಬರ್ ಕಾಕೂನ ಸಾರು! ಅಕಿ ಬೆಲ್ಲಾನ ಹಾಕ್ತಿರಲಿಲ್ಲ!"

ಕುಣಿಯುತ್ತಾನೆ ಅಂದುಕೊಂಡೆ. ಒಂದು ತುತ್ತು ಉಂಡು ತಟ್ಟೆ ಸರಿಸಿದ.

"ಹೌದು, ಅಕಿದೇ," ಅಂದ. "ಆದ್ರ ಗಂಟಲಾಗ ಇಳಿಯವಲ್ದು."

ಕೈ ತೊಳೆದು ಬೂತಿಗೆ ನಡೆದ. ನಾನು ಹಿಂದೆ ಓಡಿದೆ. ಆ ಕಡೆ ಕಾಕೂ ಫೋನೆತ್ತಿದ ಮೇಲೂ ಇವನು ಫೋನಿನ ವೈರನ್ನು ಬೆರಳಿಗೆ ಸುತ್ತುತ್ತಲೇ ನಿಂತ. ಸರದಿಯಲ್ಲಿ ಹಿಂದೆ ನಿಂತವರು ಬೇಗ ಮುಗಿಸೆಂದು "ಜಲ್ದಿ ಕರಾ ಕಾಕಾ" ಅನ್ನತೊಡಗಿದರು. ಕೊನೆಗೆ, ಅಷ್ಟೂ ಜನರ ಎದುರು, ಗಟ್ಟಿಯಾಗಿ ಹೇಳಿದ:

"ನೀ ಇಲ್ದ ನನಗ ಇರಾಕ ಆಗವಲ್ದು. ಬಂದ್ಬಿಡು."

ಆಮೇಲೆ ಗಾಬರಿಯಾಗಿ ರಿಸೀವರನ್ನು ನನ್ನ ಕೈಗಿಟ್ಟ. "ಏನೂ ಮಾತಾಡವಲ್ಲಳು. ಲೈನ್ ಹೋತೇನು ನೋಡು."

ಲೈನ್ ಹೋಗಿರಲಿಲ್ಲ. ಕಾಕೂ ಬಿಕ್ಕುತ್ತಿದ್ದಳು.

"ಕಾಕೂ?" ಅಂದೆ.

"ಅವರ ಕೈಯಾಗ ಫೋನ್ ಕೊಡು," ಅಂದಳು. "ಇನ್ನೊಮ್ಮೆ ಅನ್ನಾಕ ಹೇಳು."