ವಾರಕ್ಕೊಮ್ಮೆ ಸಿಲಿಂಡರ್ ತೂಗುವ ಅತ್ತೆ

ಹರಪನಹಳ್ಳಿಯಲ್ಲಿ ಪ್ರತಿ ಭಾನುವಾರ ಗ್ಯಾಸ್ ಸಿಲಿಂಡರಿನ ತೂಕ ನೋಡುವ ಮನೆ ಒಂದೇ ಒಂದಿದೆ, ಅದು ನಮ್ಮ ಸೋದರತ್ತೆಯದು. ಹಸುಗೂಸುಗಳನ್ನೂ ಯಾರೂ ಇಷ್ಟು ತಪ್ಪದೆ ತೂಗಿಸುವುದಿಲ್ಲ. ಮಾವ ಮೆಕ್ಕೆಜೋಳದ ವ್ಯಾಪಾರಿ. ಅಂಗಡಿಯಲ್ಲಿದ್ದ ಎರಡು ತೂಕದ ಕಾಟಾಗಳಲ್ಲಿ ಒಂದನ್ನು ಅತ್ತೆ ಅಡುಗೆಮನೆಗೆ ಸಾಗಿಸಿಬಿಟ್ಟಿದ್ದಾರೆ.

ಇದಕ್ಕೆಲ್ಲ ಕಾರಣ ನನ್ನ ಮಗಳು. ನಿಮ್ಮ ಮನೆಯ ದಿನನಿತ್ಯದ ಬದುಕಿನಿಂದ ಪರಿಸರದ ಮೇಲೆ ಎಷ್ಟು ಹೊರೆ ಬೀಳುತ್ತದೆ, ಅಳೆದು ಬರೆಯಿರಿ ಎಂದು ಶಾಲೆಯಲ್ಲಿ ಒಂದು ಹಾಳೆ ಕೊಟ್ಟಿದ್ದರು. ಗ್ಯಾಸು, ನೀರು, ಕರೆಂಟು, ಓಡಾಟ, ಕಸ, ಹೀಗೆ ಐದು ಸಾಲು. ಮಗಳು ಟಿವಿ ನೋಡುತ್ತಲೇ ಐದನ್ನೂ ತುಂಬಿಸಿದಳು. ಆಗ ಕೊಟ್ಟೂರಿನ ನಮ್ಮ ಮನೆಗೆ ಬಂದಿದ್ದ ಅತ್ತೆ ಆ ಹಾಳೆ ನೋಡಿ ಕನ್ನಡಕ ಏರಿಸಿದರು.

“ನೀರು ನೂರು ಲೀಟರ್ ಅಂತ ಬರ್ದೀಯಲ್ಲ, ಯಾವಾಗ ಅಳದಿ?”

“ಅಂದಾಜು ಅಜ್ಜಿ.”

“ಅಂದಾಜಿಗೆ ಅಳತಿ ಅಂತಾರೇನು? ನಾ ಅಳದು ತೋರಿಸ್ತೀನಿ ತಡಿ. ಒಂದು ವರ್ಷ, ಒಂದು ದಿನಾನೂ ಬಿಡದಂಗ.”

ಮಗಳಿಗೆ ಶಾಲೆಯಲ್ಲಿ ಒಳ್ಳೆಯ ಅಂಕವೇ ಬಂತು. ಅವಳು ಮರೆತಳು. ಅತ್ತೆ ಮರೆಯಲಿಲ್ಲ.

ಮೊದಲು ಸಿಕ್ಕಿಬಿದ್ದವರು ನನ್ನ ಗಂಡ. ಹರಪನಹಳ್ಳಿಗೆ ಹೋದವರು ತಲೆಗೆ ಸೋಪು ಹಚ್ಚಿಕೊಂಡು, ಕಣ್ಣು ಮುಚ್ಚಿ ತಡಕಾಡಿದರೆ ಬಕೆಟ್ ಖಾಲಿ. ನಲ್ಲಿ ತಿರುಗಿಸಿದ್ದೇ ತಡ, ಹೊರಗಿನಿಂದ ಅತ್ತೆಯ ದನಿ ಬಂತು: “ತಗೋರ್ರಿ ಅಳಿಯಂದ್ರ, ನಾಚ್ಕೋಬ್ಯಾಡ್ರಿ. ಎಷ್ಟು ಚೊಂಬು ಅಂತ ಮಾತ್ರ ಎಣಿಸ್ಕೊಂಡು ಬರ್ರಿ.” ನನ್ನ ಗಂಡ ಮರ್ಯಾದೆಗೆ ಅಂಜಿ “ಏಳು” ಎಂದರು. ಅತ್ತೆ ಹನ್ನೊಂದು ಎಂದು ಬರೆದುಕೊಂಡರು. ಬಾಗಿಲ ಹೊರಗೆ ನಿಂತು ತಾವೂ ಎಣಿಸಿದ್ದರು!

ಇನ್ನು ಓಡಾಟ. ಬಸ್ಸು ಸುಟ್ಟ ಡೀಸೆಲ್ಲನ್ನು ಹತ್ತಿದವರೆಲ್ಲರಿಗೂ ಹಂಚಬೇಕಲ್ಲವೇ? ಹಾಗಾಗಿ ಅತ್ತೆ ಬಸ್ಸಿನಲ್ಲಿ ತಲೆ ಎಣಿಸತೊಡಗಿದರು. ಒಮ್ಮೆ ನಮ್ಮೂರಿಗೆ ಬರುವಾಗ ನೋಟ್‌ಬುಕ್ ಹಿಡಿದು ಹಿಂದಿನ ಸೀಟಿನವರೆಗೂ ಎಣಿಸಿ, “ನಿಂತವ್ರು ಸೇರಿ ಐವತ್ತೆಂಟು. ನಿಮ್ಮ ಪ್ರಕಾರ ಎಷ್ಟು ಮಂದಿ ಅದಾರ?” ಎಂದು ಕಂಡಕ್ಟರನ್ನು ಕೇಳಿದ್ದಾರೆ. ಇವರು ಟಿಕೆಟ್ ತಪಾಸಣೆಯವರೆಂದೇ ತಿಳಿದು ಅವನು ಬೆವೆತುಹೋದ. “ಕೊಡಾಕ ಹತ್ತೀನ್ರಿ ಮೇಡಂ” ಎನ್ನುತ್ತ, ಬಾಕಿ ಇದ್ದ ಟಿಕೆಟುಗಳನ್ನೆಲ್ಲ ಎರಡೇ ನಿಮಿಷದಲ್ಲಿ ಕೊಟ್ಟು ಮುಗಿಸಿದನಂತೆ.

ಮಾವ ಇದನ್ನೆಲ್ಲ ಹೇಳಿಕೊಂಡು ನಗುತ್ತಿದ್ದರು. “ನಾ ಬಿಡೋ ಉಸಿರು ಅಳೆಯೋದೊಂದು ಬಾಕಿ ಐತಿ ನೋಡವ್ವ ನಿಮ್ಮತ್ತಿಗೆ.”

ಚಳಿಗಾಲಕ್ಕೆ ಒಂದು ಸೋಜಿಗ ನಡೆಯಿತು. ಎಲ್ಲರ ಮನೆಯಲ್ಲೂ ಗ್ಯಾಸು ಬೇಗ ತೀರುವ ಕಾಲದಲ್ಲಿ ಅತ್ತೆಯ ಮನೆಯಲ್ಲಿ ಅದು ಕಡಿಮೆ ಖರ್ಚಾಗತೊಡಗಿತು. “ಬ್ಯಾಳಿ ನೆನಿಹಾಕಿ ಬೇಯಿಸ್ತೀನಲ್ಲ, ಅದರ ಪ್ರತಾಪ” ಎಂದು ಅತ್ತೆ ಫೋನಿನಲ್ಲಿ ಹಿಗ್ಗಿದರು. ಓಣಿಯ ಮನೆಮನೆಗೂ ಬೇಳೆಯ ಉಪದೇಶವಾಯಿತು.

ಆ ದಿನಗಳಲ್ಲೇ ನಾನು ಹೋಗಿ ಎರಡು ದಿನ ಉಳಿದೆ. ಬೆಳಗ್ಗೆ ನೀರು ಕುಡಿಯಲು ಎದ್ದು ಬಂದರೆ, ಬಚ್ಚಲಲ್ಲಿ ಮಾವ ಜಳಕ ಮಾಡುವ ಸದ್ದು. ಅತ್ತೆ ಏಳುವ ಮೊದಲೇ ತಾವೇ ನೀರು ಕಾಯಿಸಿಕೊಂಡು ಮೀಯುವುದು ಅವರ ಹಳೆಯ ರೂಢಿ. ಆದರೆ ಒಲೆ ತಣ್ಣಗಿತ್ತು. ನೀರು ಕಾಯಿಸುವ ಪಾತ್ರೆ ಒಣಗಿತ್ತು. ಎಪ್ಪತ್ತು ದಾಟಿದ ಮಾವ ಟವೆಲ್ ಹೊದ್ದು, ಹಲ್ಲು ಕಟಕಟಿಸುತ್ತ ಹೊರಬಂದರು. ನನ್ನನ್ನು ಕಂಡು ಗಾಬರಿಯಾದರು.

“ನಿಮ್ಮತ್ತಿ ಮುಂದ ಹೇಳಬ್ಯಾಡವ್ವ.”

“ಈ ಥಂಡಿಯಾಗ ಯಾಕ ಮಾವ ಇದೆಲ್ಲ?”

“ಐತವಾರ ಕಾಟಾ ನೋಡಿದಾಗ ಅಕಿ ಮುಖ ಅರಳತೈತಿ. ನಾ ಏನು ತಂದುಕೊಟ್ರೂ ಹಂಗ ಅರಳಿದ್ದಿಲ್ಲ.”

ಬಾಗಿಲಲ್ಲಿ ಅತ್ತೆ ನಿಂತಿದ್ದರು. ಎಷ್ಟು ಹೊತ್ತಿನಿಂದಲೋ.

“ಯಾವಾಗಿಂದ?” ಎಂದಷ್ಟೇ ಕೇಳಿದರು.

“ದೀಪಾವಳಿ ಮುಗದ ಮ್ಯಾಲಿಂದ.”

ಅತ್ತೆ ನೋಟ್‌ಬುಕ್ ತೆಗೆದು, ದೀಪಾವಳಿಯಿಂದೀಚಿನ ಪುಟಗಳಿಗೆಲ್ಲ ಒಂದೊಂದಾಗಿ ಅಡ್ಡಗೀಟು ಹೊಡೆದರು. “ಇದು ನಮ್ಮನಿ ಅಳತಿ ಅಲ್ಲ. ಇವತ್ತಿಂದ ಮತ್ತ ಒಂದನೇ ದಿನ. ವರ್ಷ ತುಂಬಿಸೇ ತುಂಬಿಸ್ತೀನಿ” ಎಂದು ಒಲೆ ಹಚ್ಚಿ ನೀರಿಟ್ಟರು.

“ಜಳಕ ಆತಲ್ಲ, ಮತ್ಯಾಕ?” ಎಂದರು ಮಾವ.

“ಅದು ಜಳಕ ಅಲ್ಲ. ನಡೀರಿ ಒಳಗ.”

ಅತ್ತೆ ಮಾವನಿಗೆ ನೀರು ಹಾಕಿದ್ದನ್ನು ನಾನು ಯಾವತ್ತೂ ಕಂಡಿರಲಿಲ್ಲ. ಬಚ್ಚಲ ಬಾಗಿಲು ಮುಚ್ಚಿತು. “ಸುಡ್ತೈತೇನ್ರಿ?” “ಇಲ್ಲ ಬಿಡು.” ಚೊಂಬಿನ ಮೇಲೆ ಚೊಂಬು ನೀರು ಬಿದ್ದ ಸದ್ದು. ಆಮೇಲೆ ಅತ್ತೆಯ ದನಿ, ನಾನು ಅಷ್ಟು ಮೆತ್ತಗೆ ಕೇಳಿಯೇ ಇರದ ದನಿ:

“ಎಷ್ಟು ಬಡವಾಗೀರಿ. ನಾ ನೋಡೇ ಇದ್ದಿಲ್ಲ.”